12 ವೋಲ್ಟ್ ಡಿಸ್ಕ್‌ಗೆ 19 ವೋಲ್ಟ್ ಹೋದರೆ

ಮೂರೂವರೆ ಇಂಚಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ 12 ವೋಲ್ಟ್ ಅಡಾಪ್ಟರ್ ಬೇಕು. ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಬಿದ್ದಿರುತ್ತದೆ. ಎರಡರದ್ದೂ ದುಂಡನೆಯ ಕಪ್ಪು ಪಿನ್. ಎಷ್ಟೋ ಸಲ ಒಂದರ ಜಾಗದಲ್ಲಿ ಇನ್ನೊಂದು ಕೂತುಬಿಡುತ್ತದೆ. ಸ್ವಿಚ್ ಹಾಕಿದೊಡನೆ ಸುಟ್ಟ ವಾಸನೆ, ಆಮೇಲೆ ಡಿಸ್ಕ್ ತಿರುಗುವುದೇ ಇಲ್ಲ. ಹೀಗಾದಾಗ ಬಹಳ ಸಲ ಸುಟ್ಟಿರುವುದು ಡಿಸ್ಕ್‌ನ ತಳದಲ್ಲಿರುವ ಸರ್ಕ್ಯೂಟ್ ಬೋರ್ಡ್ ಮಾತ್ರ. ಒಳಗೆ ತಿರುಗುವ ತಟ್ಟೆಯ (ಪ್ಲ್ಯಾಟರ್) ಮೇಲಿನ ಡೇಟಾ ಇದ್ದ ಹಾಗೇ ಇರುತ್ತದೆ, ಅದು ಹಾಳಾಗುವುದು ಆಮೇಲಿನ ಆತುರದಲ್ಲಿ.

ಬೋರ್ಡ್‌ನಲ್ಲಿ ಪವರ್ ಕನೆಕ್ಟರ್ ಪಕ್ಕದಲ್ಲೇ, ವೋಲ್ಟೇಜ್ ಏರಿದಾಗ ಬೋರ್ಡನ್ನು ಕಾಯುವ ಎರಡು ಕಪ್ಪು ಟಿವಿಎಸ್ ಡಯೋಡ್‌ಗಳಿರುತ್ತವೆ: ಮೋಟಾರಿನ 12 ವೋಲ್ಟ್ ಲೈನಿಗೆ ಒಂದು, ಚಿಪ್‌ಗಳ 5 ವೋಲ್ಟ್ ಲೈನಿಗೆ ಇನ್ನೊಂದು. 12 ವೋಲ್ಟ್‌ನದು ಸುಮಾರು 13.3 ವೋಲ್ಟ್ ದಾಟಿದರೆ ಕರೆಂಟನ್ನು ಗ್ರೌಂಡ್‌ಗೆ ಎಳೆದುಕೊಳ್ಳುತ್ತದೆ. 19 ವೋಲ್ಟ್ ಬಿಡದೆ ಬಂದರೆ ತಾನೇ ಶಾರ್ಟ್ ಆಗಿ ಸಾಯುತ್ತದೆ, ಹಿಂದಿರುವ ಮೋಟಾರ್ ಚಿಪ್ ಉಳಿಯುತ್ತದೆ. ಅದಕ್ಕೇ ‘ಇನ್ನೊಂದು ಸಲ ಹಾಕಿ ನೋಡೋಣ’ ಅನ್ನಬೇಡಿ. ಲ್ಯಾಪ್‌ಟಾಪ್ ಅಡಾಪ್ಟರ್ ಮೂರು, ನಾಲ್ಕು ಆಂಪಿಯರ್ ಕೊಡಬಲ್ಲದು. ಶಾರ್ಟ್ ಆದ ಡಯೋಡ್ ಸೀಳಿ ತೆರೆದುಕೊಂಡರೆ ಇಡೀ 19 ವೋಲ್ಟ್ ನೇರ ಮೋಟಾರ್ ಚಿಪ್‌ಗೆ ನುಗ್ಗುತ್ತದೆ. ಮೂರು ಫೇಸ್ ಕಟ್ಟಡಗಳಲ್ಲಿ ನ್ಯೂಟ್ರಲ್ ಕಳಚಿ, ವೋಲ್ಟೇಜ್ ಏರಿ, ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಕೆಟ್ಟು ಡಿಸ್ಕ್ ಸತ್ತಾಗಲೂ ಹುಡುಕಾಟ ಇಲ್ಲಿಂದಲೇ ಶುರು.

ಟಿ6 ಟಾರ್ಕ್ಸ್ ಸ್ಕ್ರೂಡ್ರೈವರ್‌ನಿಂದ ಬೋರ್ಡ್ ಬಿಚ್ಚಿ. ಮೇಲಿನ ಲೋಹದ ಮುಚ್ಚಳ ಮಾತ್ರ ಮುಟ್ಟಕೂಡದು. ಮಲ್ಟಿಮೀಟರನ್ನು ಡಯೋಡ್ ಮೋಡ್‌ಗಿಟ್ಟು ಎರಡೂ ದಿಕ್ಕಿನಲ್ಲಿ ಅಳೆಯಿರಿ. ಎರಡೂ ಕಡೆ ಸೊನ್ನೆ ಬಂದು ಬೀಪ್ ಆದರೆ ಆ ಲೈನು ಶಾರ್ಟ್. ಡಯೋಡನ್ನು ಸೋಲ್ಡರಿಂಗ್ ಐರನ್‌ನಿಂದ ಕಾಯಿಸಿಯೇ ತೆಗೆಯಿರಿ, ಕಟರ್‌ನಿಂದ ಕಿತ್ತರೆ ಅದರಡಿಯ ಲೋಹದ ಪ್ಯಾಡೂ ಕಿತ್ತುಬರುತ್ತದೆ. ತೆಗೆದ ಮೇಲೆ ಲೈನು ಮತ್ತು ಗ್ರೌಂಡ್ ನಡುವೆ ಮತ್ತೆ ಅಳೆಯಬೇಕು. ಆಗಲೂ ಒಂದೆರಡು ಓಮ್ ಅಷ್ಟೇ ಇದ್ದರೆ ಒಳಗಿನ ಚಿಪ್ಪೂ ಹೋಗಿದೆ. ಪಕ್ಕದ ಫ್ಯೂಸ್ ಅಥವಾ ಸೊನ್ನೆ ಓಮ್ ರೆಸಿಸ್ಟರ್ ಸುಟ್ಟಿದ್ದರೆ ತಂತಿ ಹಾಕಿ ಸೇರಿಸುವವರಿದ್ದಾರೆ. ಶಾರ್ಟ್ ಇಲ್ಲವೆಂದು ಖಾತ್ರಿಯಾಗುವ ಮೊದಲು ಅದು ಬೇಡವೇ ಬೇಡ.

ಲೈನು ಸರಿಯಿದ್ದರೆ, ಬೋರ್ಡನ್ನು ಡಿಸ್ಕ್‌ಗೆ ಜೋಡಿಸದೆ ಕರೆಂಟ್ ಮಿತಿಯಿರುವ ಸಪ್ಲೈನಿಂದ ಹತ್ತು ಸೆಕೆಂಡ್ ಪವರ್ ಕೊಟ್ಟು ನೋಡಿ. ಯಾವುದಾದರೂ ಚಿಪ್ ತಕ್ಷಣ ಸುಡುವಷ್ಟು ಕಾದರೆ ಅಲ್ಲಿಗೇ ನಿಲ್ಲಿಸಿ. ಇಲ್ಲವಾದರೆ, ಡೇಟಾ ಓದಿ ಬರೆಯುವ ಹೆಡ್‌ಗೆ ತಗಲುವ ಪ್ಯಾಡ್‌ಗಳು ಕಪ್ಪಾಗಿದ್ದಲ್ಲಿ ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ ಜೋಡಿಸಿ. ಡಯೋಡ್ ಇಲ್ಲದೆಯೂ ಡಿಸ್ಕ್ ಓಡುತ್ತದೆ. ಆದರೆ ಈಗ ಅದಕ್ಕೆ ಕಾವಲಿಲ್ಲ. ಆದ್ದರಿಂದ ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ, ಡಿಡಿರೆಸ್ಕ್ಯೂ ಎಂಬ ಡಿಸ್ಕ್ ನಕಲು ತಂತ್ರಾಂಶದಿಂದ ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ ಡಿಸ್ಕ್‌ಗೆ ಒಂದೇ ಸಲ ಪೂರ್ತಿ ಕ್ಲೋನ್ ಮಾಡಿಕೊಳ್ಳಿ.

ಚಿಪ್ ಸುಟ್ಟಿದ್ದರೆ ಬೋರ್ಡ್ ಬದಲಿಸಬೇಕು, ಎಡವುವುದೂ ಇಲ್ಲೇ ಹೆಚ್ಚು. ಲೇಬಲ್‌ನ ಮಾಡೆಲ್ ಒಂದೇ ಇದ್ದರೆ ಸಾಲದು, ಬೋರ್ಡ್ ಮೇಲೆ ಅಚ್ಚಾದ ನಂಬರ್ ಹೊಂದಬೇಕು. ಅದೂ ಸಾಲದು. ಕಾರ್ಖಾನೆಯಲ್ಲಿ ಪ್ರತಿ ಡಿಸ್ಕ್‌ನ ಹೆಡ್‌ಗಳನ್ನು ಅಳೆದು ಹೊಂದಿಸಿದ ಅಂಕಿಗಳು ಎಂಟು ಕಾಲಿನ ಪುಟ್ಟ ರಾಮ್ (ROM) ಚಿಪ್‌ನಲ್ಲಿರುತ್ತವೆ (ಮೆಮೊರಿಯ ರ‍್ಯಾಮ್ ಬೇರೆ). ಹಳೆಯ ಬೋರ್ಡ್‌ನಿಂದ ಅದನ್ನು ಬಿಡಿಸಿ, ಒಂದನೇ ಕಾಲಿನ ಚುಕ್ಕೆ ನೋಡಿಕೊಂಡು ಹೊಸದರಲ್ಲಿ ಕೂರಿಸಬೇಕು. ಹಾಗೆ ಮಾಡದಿದ್ದರೆ ಡಿಸ್ಕ್ ಟಕ್ ಟಕ್ ಎನ್ನುತ್ತದೆ, ಡೇಟಾ ಕಾಣುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಆ ಚಿಪ್ ಬೇರೆ ಇರುವುದಿಲ್ಲ, ಅಂಕಿಗಳು ಮುಖ್ಯ ಪ್ರೊಸೆಸರ್ ಒಳಗೇ ಇರುತ್ತವೆ; ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಸರಿಯಾದ ಬೋರ್ಡ್ ಹಾಕಿದ ಮೇಲೂ ಟಕ್ ಟಕ್ ನಿಲ್ಲದಿದ್ದರೆ ಮುಚ್ಚಳದೊಳಗೆ ಹೆಡ್‌ಗಳ ಸಿಗ್ನಲ್ ಹೆಚ್ಚಿಸುವ ಚಿಪ್, ಪ್ರೀಆಂಪ್, ಸುಟ್ಟಿರಬಹುದು. ಅದಕ್ಕೆ ಧೂಳಿಲ್ಲದ ಕ್ಲೀನ್ ರೂಮಿನಲ್ಲಿ ಹೆಡ್‌ಗಳನ್ನೇ ಬದಲಿಸಬೇಕು.

ಪೆಟ್ಟಿಗೆಯೊಳಗಿನ ಯುಎಸ್‌ಬಿ ಕಾರ್ಡನ್ನೂ ಎಸೆಯಬೇಡಿ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಸರಣಿಯ ಅನೇಕ ಮಾದರಿಗಳಲ್ಲಿ ಪಾಸ್‌ವರ್ಡ್ ಹಾಕದಿದ್ದರೂ ಡೇಟಾ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ, ಅದನ್ನು ಬಿಡಿಸುವುದು ಆ ಕಾರ್ಡ್. ಡಿಸ್ಕನ್ನು ನೇರ ಕಂಪ್ಯೂಟರಿನ ಸಾಟಾ ಕನೆಕ್ಟರ್‌ಗೆ ಹಾಕಿದರೆ ವಿಂಡೋಸ್ ‘ಇನಿಶಿಯಲೈಸ್ ಮಾಡಲೇ’ ಎಂದು ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಲ್ಯಾಬ್‌ಗೆ ಕೊಡುವಾಗ ಡಿಸ್ಕ್ ಜೊತೆಗೆ ಆ ಕಾರ್ಡ್, ಸುಟ್ಟ ಹಳೆಯ ಬೋರ್ಡ್ ಎರಡನ್ನೂ ಒಯ್ಯಿರಿ, ಯಾವ ಅಡಾಪ್ಟರ್ ಚುಚ್ಚಿದ್ದಿರಿ ಎಂಬುದನ್ನೂ ತಿಳಿಸಿ.