ರಿಯಾಲಿಟಿ ಶೋ, ಧರ್ಮ, ಹೆಂಡತಿ: ಅಮೆರಿಕದ ಮೂರು ಮನೆಗಳ ನೋಟ್ಸ್

ಮೀಡಿಯಾ ಸ್ಟಡೀಸ್ ಓದ್ತಿರೋರು ರಿಯಾಲಿಟಿ ಶೋಗಳಲ್ಲಿ ಧಾರ್ಮಿಕ ಮನೆಗಳ ಹೆಂಗಸರು ಅನ್ನೋ ಟಾಪಿಕ್ ಬಂದ್ರೆ "ಮಹಿಳೆಯರನ್ನ ತಪ್ಪಾಗಿ ತೋರಿಸ್ತಾರೆ" ಅಂತ ಒಂದು ಲೈನ್ ಬರೆದು ಮುಂದೆ ಹೋಗ್ತಾರೆ, ಅಷ್ಟು ಸಾಲಲ್ಲ. ದುಡ್ಡು ಯಾರ ಕೈಗೆ ಹೋಯ್ತು, ಕ್ಯಾಮೆರಾ ಎಷ್ಟು ವರ್ಷ ಮನೇಲಿತ್ತು, ಇವೆರಡನ್ನ ಕೇಳಿ ನೋಡಿ.

ಡಗ್ಗರ್ ಕುಟುಂಬ ಅರ್ಕಾನ್ಸಾ ರಾಜ್ಯದ ಬ್ಯಾಪ್ಟಿಸ್ಟ್ (ಒಂದು ಕ್ರೈಸ್ತ ಪಂಗಡ) ಮನೆ, 19 ಮಕ್ಕಳು, ಟಿಎಲ್‌ಸಿ ಚಾನೆಲ್‌ನಲ್ಲಿ 2008ರಿಂದ 2015ರವರೆಗೆ ಅವರ ಶೋ ಬಂತು. ದೊಡ್ಡ ಹೆಣ್ಮಕ್ಕಳೇ ತಮ್ಮಂದಿರನ್ನ, ತಂಗಿಯರನ್ನ ನೋಡ್ಕೊಳ್ತಿದ್ರು, ಶೋ ಅದನ್ನ ಮುದ್ದಾದ ಸಂಸ್ಕಾರ ಅಂತ ತೋರಿಸ್ತು, ಅದೂ ಒಂದು ದುಡಿಮೆ ಅಂತ ಎಲ್ಲೂ ತೋರಿಸ್ಲಿಲ್ಲ. ಶೋದಲ್ಲಿ ಕೆಲಸ ಮಾಡಿದ್ದಕ್ಕೆ ತನಗೆ ದುಡ್ಡು ಸಿಗ್ಲಿಲ್ಲ ಅಂತ ಮಗಳು ಜಿಲ್ 2023ರ ಒಂದು ಡಾಕ್ಯುಮೆಂಟರಿಯಲ್ಲಿ ಹೇಳಿದ್ರು. ಕುಟುಂಬ ಮೌಲ್ಯ ಅಂತ ನಾವು ನೋಡಿದ್ದರ ಹಿಂದೆ ಇದೂ ಇತ್ತು.

ಇದರ ಉಲ್ಟಾ ನೆಟ್‌ಫ್ಲಿಕ್ಸ್‌ನ 'ಮೈ ಅನ್‌ಆರ್ಥೊಡಾಕ್ಸ್ ಲೈಫ್' (2021). ಕಟ್ಟಾ (ಆರ್ಥೊಡಾಕ್ಸ್) ಯಹೂದಿ ಸಮುದಾಯ ಬಿಟ್ಟು ಬಂದ ಜೂಲಿಯಾ ಹಾರ್ಟ್ ಕಥೆ. ಅವರ ನೋವು ನಿಜ, ಅದನ್ನ ಅಲ್ಲಗಳೆಯೋಕಾಗಲ್ಲ. ಆದ್ರೆ ಅಲ್ಲೇ ಉಳಿದು ಡಾಕ್ಟರ್, ಲಾಯರ್ ಆಗಿರೋ ಹೆಂಗಸರು ಶೋದಲ್ಲಿ ಕಾಣಲ್ಲ, ಹಾಗಾಗಿ ತುಂಬಾ ಜನ ಆರ್ಥೊಡಾಕ್ಸ್ ಹೆಂಗಸರು ಸೋಶಿಯಲ್ ಮೀಡಿಯಾದಲ್ಲಿ ತಮ್ಮ ಬದುಕನ್ನ ತಾವೇ ಬರೆದ್ರು.

ನನಗೆ ತುಂಬಾ ಮುಖ್ಯ ಅನ್ಸೋದು ಟಿಎಲ್‌ಸಿಯದ್ದೇ ಇನ್ನೊಂದು ಶೋ, 'ಸಿಸ್ಟರ್ ವೈವ್ಸ್'. 2010ರಲ್ಲಿ ಶುರುವಾಯ್ತು, ಯೂಟಾದ ಕೋಡಿ ಬ್ರೌನ್‌ಗೆ ನಾಲ್ಕು ಜನ ಹೆಂಡತಿಯರು, ಮೆರಿ, ಜನೆಲ್, ಕ್ರಿಸ್ಟೀನ್, ರಾಬಿನ್, ಇದರಲ್ಲಿ ಕಾನೂನು ಪ್ರಕಾರ ಮದುವೆ ಆಗ ಒಂದೇ, ಮೆರಿ ಜೊತೆಗಿನದು. (ಇವರನ್ನ ಸುಮ್ನೆ ಮಾರ್ಮನ್, ಅಂದ್ರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದವರು, ಅಂತ ಬರೀಬೇಡಿ, ಮುಖ್ಯ ಮಾರ್ಮನ್ ಚರ್ಚ್ 1890ರಲ್ಲೇ ಬಹುಪತ್ನಿತ್ವ ಬಿಡ್ತೀವಿ ಅಂತ ಘೋಷಿಸಿತ್ತು, ಇವರದ್ದು ಬೇರೆ ಪಂಗಡ.) ಯೂಟಾದಲ್ಲಿ ಬಹುಪತ್ನಿತ್ವ ಅಪರಾಧ ಆಗಿದ್ದರಿಂದ ಶೋ ಬಂದ ತಕ್ಷಣ ಪೊಲೀಸ್ ತನಿಖೆ ಶುರುವಾಗಿ 2011ರಲ್ಲಿ ಮನೆಯವರೆಲ್ಲ ಲಾಸ್ ವೇಗಸ್‌ಗೆ ಹೋದ್ರು, ಆ ಕಾನೂನಿನ ವಿರುದ್ಧ ಕೋರ್ಟ್‌ಗೂ ಹೋದ್ರು. ಮೊದಲ ಸೀಸನ್‌ಗಳಲ್ಲಿ ಸೋಫಾ ಮೇಲೆ ಎಲ್ರೂ ಒಟ್ಟಿಗೆ ಕೂತು ಗಂಡನ ಪಕ್ಕದಲ್ಲೇ "ನಾವು ಖುಷಿಯಾಗಿದ್ದೀವಿ" ಅನ್ನೋ ಧಾಟಿಯಲ್ಲೇ ಮಾತಾಡ್ತಾರೆ. ಆಮೇಲಿನ ಸೀಸನ್‌ಗಳಲ್ಲಿ ಒಬ್ಬೊಬ್ಬರೇ ಕೂತು ಮಾತಾಡೋಕೆ ಶುರು ಮಾಡ್ತಾರೆ, ಆಗ ಹೊರಗೆ ಬರೋದೇ ಬೇರೆ. ಕ್ರಿಸ್ಟೀನ್ ಮಗಳ ಬೆನ್ನಿನ ಆಪರೇಷನ್‌ಗೆ ಕೋಡಿ ಕೊರೊನಾ ಕಾರಣ ಹೇಳಿ ಜೊತೆಗೆ ಹೋಗ್ಲಿಲ್ಲ, ಕ್ರಿಸ್ಟೀನ್ ಅದನ್ನ ಹೇಳೋವಾಗ ಅಲ್ಲಿ ಬಡಪಾಯಿ ಹೆಂಡತಿಯೂ ಇಲ್ಲ, ಬಂಡಾಯಗಾರ್ತಿಯೂ ಇಲ್ಲ, ತಾನು ನಂಬಿದ್ದನ್ನ ವರ್ಷಗಟ್ಟಲೆ ತೂಗಿ ನೋಡಿದ ಒಬ್ಬ ತಾಯಿ ಇದ್ದಾರೆ. 2021ರಲ್ಲಿ ಅವರು ಬಿಟ್ಟು ಹೋದ್ರು, ಆಮೇಲೆ ಜನೆಲ್, ಮೆರಿ ಕೂಡ. ಒಂದೇ ಸೀಸನ್‌ಗೆ ಶೋ ಮುಗಿದಿದ್ರೆ ನಮಗೆ ಸಿಗ್ತಿದ್ದದ್ದು ಆ ಸೋಫಾ ಮಾತು ಮಾತ್ರ.

ಹಾಗಂತ ಚಾನೆಲ್‌ಗೆ ಪೂರ್ತಿ ಮಾರ್ಕ್ಸ್ ಕೊಡ್ಬೇಡಿ. ಕ್ರಿಸ್ಟೀನ್ ಬಿಟ್ಟು ಹೋದ ಸುದ್ದಿ ಎಲ್ರಿಗೂ ಗೊತ್ತಾದ ಮೇಲೂ 2022ರ ಸೀಸನ್ ಪೂರ್ತಿ ಅದನ್ನೇ ಎಳೆದು ತೋರಿಸಿದ್ರು.