ಬಿಳಿ ಮರಳೇ ಬೇಕು ಅನ್ನುವವರಿಗೆ

ಫೋನ್ ಮಾಡಿದವರು ಮೊದಲು ಹೇಳುವುದು ಇದನ್ನೇ. "ಸಾರ್, ಹಾಲಿನಂಥ ಬಿಳಿ ಮರಳು ಬೇಕು. ಯಾವುದು ತರಲಿ?" ನಾನು ತಿರುಗಿ ಕೇಳುತ್ತೇನೆ. "ಯಾವ ಮೀನು ಸಾಕ್ತೀರಿ? ಪಂಪ್ ಎಷ್ಟು ಜೋರಿನದು?" ಆ ಕಡೆ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ, "ಮೀನು ನಿಧಾನಕ್ಕೆ ನೋಡೋಣ ಸಾರ್, ಮೊದಲು ಮರಳು ಹಾಕಿಬಿಡೋಣ" ಅನ್ನುತ್ತಾರೆ. ಉಪ್ಪುನೀರಿನ ಅಕ್ವೇರಿಯಂ ಕೂರಿಸುವ ಕೆಲಸದಲ್ಲಿ ಇಷ್ಟು ವರ್ಷ ಕಳೆದರೂ ಈ ಮಾತು ಕೇಳಿದರೆ ನನಗೆ ಕಸಿವಿಸಿ ಆಗುತ್ತದೆ. ಪಂಪ್ ಸರಿಹೋಗದಿದ್ದರೆ ಒಂದು ಗಂಟೆಯಲ್ಲಿ ಬೇರೆ ಹಾಕಬಹುದು. ಮರಳು ಹಾಗಲ್ಲ. ಎಲ್ಲದರ ಅಡಿಗೆ ಹೋಗಿ ಕೂತಿರುತ್ತದೆ.

ಮರಳು ಆರಿಸುವಾಗ ಮೊದಲು ನೋಡಬೇಕಾದದ್ದು ಕಾಳಿನ ಗಾತ್ರ. ಬಣ್ಣ, ಕಂಪನಿ, ಚೀಲದ ಮೇಲಿನ ಚಿತ್ರ, ಎಲ್ಲ ಆಮೇಲೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಅರ್ಧ ಮಿಲಿಮೀಟರಿಗಿಂತ ಸಣ್ಣ ಮರಳು ಪುಡಿ ಉಪ್ಪಿನ ಹಾಗಿರುತ್ತದೆ. 1ರಿಂದ 2 ಮಿಲಿಮೀಟರಿನದು ಸಾಸಿವೆ ಕಾಳಿನಷ್ಟು. 3ರಿಂದ 5 ಮಿಲಿಮೀಟರ್ ಅಂದರೆ ಅದು ಮರಳೇ ಅಲ್ಲ, ಒಡೆದ ಹವಳದ ಚೂರು. ಫೋಟೊಗಳಲ್ಲಿ ನೀವು ಮೆಚ್ಚುವುದು ಮೊದಲನೆಯದನ್ನು. ಎಷ್ಟೋ ಸಲ ಆ ಫೋಟೊ ತೆಗೆಯುವಾಗ ಪಂಪ್ ನಿಲ್ಲಿಸಿರುತ್ತಾರೆ ಅನ್ನುವುದು ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ.

ಗಟ್ಟಿ ಹವಳ ಬೆಳೆಸುವವರು ಗಂಟೆಗೆ ತೊಟ್ಟಿಯ ನೀರಿನ 20ರಿಂದ 40 ಪಟ್ಟು ಹರಿವು ಕೊಡುತ್ತಾರೆ. 200 ಲೀಟರಿನ ತೊಟ್ಟಿಗೆ 30 ಪಟ್ಟು ಅಂದರೂ ಗಂಟೆಗೆ 6,000 ಲೀಟರ್ ಆಯಿತು. ಆ ಹರಿವಿನಲ್ಲಿ ಪುಡಿ ಉಪ್ಪಿನಂಥ ಮರಳು ಕೂರುವುದಿಲ್ಲ. ಒಂದು ಮೂಲೆಯಲ್ಲಿ ಗಾಜಿನ ತಳ ಕಾಣುತ್ತದೆ, ಇನ್ನೊಂದು ಮೂಲೆಯಲ್ಲಿ ದಿಬ್ಬ ಬೆಳೆಯುತ್ತದೆ. ಹಾರಿದ ಕಾಳು ಹವಳದ ಮೇಲೆ ಬೀಳುತ್ತದೆ. ಹವಳ ಲೋಳೆ ಬಿಟ್ಟು ಅದನ್ನು ಜಾರಿಸಿಕೊಳ್ಳುತ್ತದೆ, ನಿಜ. ಆದರೆ ದಿನವಿಡೀ ಬೀಳುತ್ತಿದ್ದರೆ ಪಾಪ ಅದಾದರೂ ಎಷ್ಟು ಹೋರಾಡುತ್ತದೆ?

ಒಂದು ಮನೆಗೆ ಕರೆದಿದ್ದರು. ಗಂಡ ಹೆಂಡತಿ ಇಬ್ಬರಿಗೂ ತೊಟ್ಟಿ ಅಂದರೆ ಪ್ರಾಣ. ತಳದಲ್ಲಿ ಮೆದುಳಿನ ಹಾಗೆ ಸುರುಳಿ ಸುರುಳಿಯಾದ ಹವಳ ಇಟ್ಟಿದ್ದರು. ಅದರ ಒಂದು ಬದಿ ಮರಳಿನಲ್ಲಿ ಹೂತು ಬೆಳ್ಳಗಾಗಿತ್ತು. ಮರಳು ಹಾರುತ್ತದೆ ಅಂತ ಅವರು ಪಂಪ್ ತಗ್ಗಿಸಿದ್ದರು. ಪಂಪ್ ತಗ್ಗಿದ್ದಕ್ಕೆ ಕಲ್ಲಿನ ಸಂದಿನಲ್ಲಿ ಕೊಳೆ ನಿಂತಿತ್ತು. ಕೊಳೆ ನಿಂತಿದ್ದಕ್ಕೆ ಪಾಚಿ ಬಂದಿತ್ತು. ಪಾಚಿಗೆ ಔಷಧಿ ಹಾಕಿದ್ದರು. ನಾನು ಹೋದಾಗ ಕೇಳಿದ್ದು, "ಬೇರೆ ಒಳ್ಳೆ ಔಷಧಿ ಇದೆಯಾ?" ಅಂತ. ಎಲ್ಲ ಶುರುವಾದದ್ದು ಮರಳಿನಿಂದ ಅಂತ ಒಪ್ಪಿಸುವಷ್ಟರಲ್ಲಿ ಸಂಜೆಯಾಗಿತ್ತು.

ಹಾಗಂತ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ದಪ್ಪ ಚೂರು ಹಾಕಿದರೆ ಹಾರುವುದೇ ಇಲ್ಲವಲ್ಲ, ಅನ್ನುತ್ತಾರೆ. ಹಾರುವುದಿಲ್ಲ, ಸರಿ. ಆದರೆ ಚೂರು ದಪ್ಪ ಇದ್ದಷ್ಟೂ ಸಂದು ದೊಡ್ಡದು. ತಿನ್ನದೆ ಉಳಿದ ಮೇವು, ಮೀನಿನ ಹಿಕ್ಕೆ ಎಲ್ಲ ಆ ಸಂದಿಗೆ ಇಳಿಯುತ್ತದೆ. ಅಲ್ಲಿ ಕೊಳೆತು ನೈಟ್ರೇಟ್, ಫಾಸ್ಫೇಟ್ ಏರುತ್ತದೆ. ಸಣ್ಣ ಮರಳಿನಲ್ಲಿ ಕೊಳೆ ಮೇಲೆಯೇ ಉಳಿಯುತ್ತದೆ, ಬಸವನಹುಳು ತಿನ್ನುತ್ತದೆ, ನೀವು ಪೈಪಿನಿಂದ ಎಳೆಯಬಹುದು. ಬರೀ ಮೀನು ಸಾಕಿ, ವಾರ ವಾರ ತಪ್ಪದೆ ತಳ ತೊಳೆಯುವವರಿಗೆ ದಪ್ಪ ಚೂರು ನಡೆದೀತು. ಆದರೆ ಹಾಗೆ ತಪ್ಪದೆ ತೊಳೆಯುವವರನ್ನು ನಾನು ಜಾಸ್ತಿ ನೋಡಿಲ್ಲ.

ಇನ್ನು ಮರಳಿನಲ್ಲೇ ಬದುಕುವ ಪ್ರಾಣಿಗಳು. ನನಗೆ ಇವುಗಳ ಮೇಲೆ ತುಂಬ ಪ್ರೀತಿ. ಕೆಲವು ಗೋಬಿ ಮೀನುಗಳು ಬಾಯಿ ತುಂಬ ಮರಳು ತುಂಬಿಕೊಂಡು, ತಿನ್ನುವುದನ್ನು ಸೋಸಿ, ಉಳಿದದ್ದನ್ನು ಕಿವಿರಿನಿಂದ ಬಿಡುತ್ತವೆ. ದಪ್ಪ ಚೂರು ಇವಕ್ಕೆ ಆಗದು. ಪಿಸ್ಟಲ್ ಸೀಗಡಿ ಬಿಲ ತೋಡುತ್ತದೆ, ಜೊತೆಗಾರ ಗೋಬಿ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಬಿಲದ ಸೂರು ಕುಸಿಯದಿರಲು ಸಣ್ಣ ಮರಳಿನ ಜೊತೆ ಚೂರುಗಳೂ ಬೇಕು. ಹ್ಯಾಲಿಕೊಯರಿಸ್ ಜಾತಿಯ ರಾಸ್ ಮೀನುಗಳು ರಾತ್ರಿ ಮರಳಿನೊಳಗೆ ಹೊಕ್ಕು ಮಲಗುತ್ತವೆ. ಹೊಸ ಮೀನು ಸತ್ತುಹೋಯಿತು ಅಂತ ಒಬ್ಬ ಹುಡುಗ ಅಳುತ್ತಾ ಫೋನ್ ಮಾಡಿದ್ದ. ಮರಳು ಕೆದಕಬೇಡ, ಒಂದೆರಡು ದಿನ ಸುಮ್ನೆ ಇರು ಅಂದೆ. ಮೂರನೇ ಬೆಳಿಗ್ಗೆ ಮೀನು ತಲೆ ಹೊರಗೆ ಹಾಕಿತಂತೆ. ಅವನ ತೊಟ್ಟಿಯಲ್ಲಿ ಮೆತ್ತನೆ ಮರಳಿತ್ತು, ಬಚಾವಾಯಿತು. ಒರಟು ಚೂರಿಗೆ ನುಗ್ಗಿ ಮೈ ತರಚಿಕೊಂಡ ರಾಸ್‌ಗಳನ್ನೂ ನೋಡಿದ್ದೇನೆ.

ಆದ್ದರಿಂದ ನನ್ನ ಸಲಹೆ ಸಾಮಾನ್ಯವಾಗಿ ಹೀಗಿರುತ್ತದೆ. ಜೋರು ಹರಿವಿನ ಹವಳದ ತೊಟ್ಟಿಗೆ 1ರಿಂದ 2 ಮಿಲಿಮೀಟರಿನ ಮರಳು, 3–4 ಸೆಂಟಿಮೀಟರ್ ದಪ್ಪ. ರಾಸ್ ಬೇಕೇ ಬೇಕು ಅಂದರೆ ಅರ್ಧದಿಂದ 1 ಮಿಲಿಮೀಟರಿನದು, 5–6 ಸೆಂಟಿಮೀಟರ್. ಆಗ ಪಂಪಿನ ಮುಖ ಮೇಲಕ್ಕೆ ತಿರುಗಿರಬೇಕು. ಎರಡೂ ಬೇಕು ಅನ್ನುವವರು ಕಲ್ಲಿನ ಹಿಂದೆ, ಹರಿವು ಕಡಿಮೆ ಇರುವ ಕಡೆ, ಒಂದು ಡಬ್ಬಿಯಲ್ಲಿ ಸಣ್ಣ ಮರಳು ತುಂಬಿ ಇಡಬಹುದು. ಮಲಗುವ ಮೀನು ಅದನ್ನು ಹುಡುಕಿಕೊಳ್ಳುತ್ತದೆ. ಇದು ಎಲ್ಲ ತೊಟ್ಟಿಗೂ ಒಗ್ಗುವ ಲೆಕ್ಕ ಅಂತ ನಾನು ಹೇಳುವುದಿಲ್ಲ. ತೊಟ್ಟಿಯ ಎತ್ತರ, ಕಲ್ಲು ಜೋಡಿಸಿದ ರೀತಿ ನೋಡಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ.

"ಅರಗೊನೈಟ್ ಮರಳು ಹಾಕಿದರೆ ಪಿಎಚ್ ಅದೇ ನೋಡಿಕೊಳ್ಳುತ್ತೆ ಅಲ್ವಾ?" ಇದೂ ದಿನಾ ಕೇಳುವ ಪ್ರಶ್ನೆ. ಇಲ್ಲ. ಅರಗೊನೈಟ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 8.2ರ ಆಸುಪಾಸಿನ ಪಿಎಚ್ ಇರುವ ಕಡಲ ನೀರಿನಲ್ಲಿ ಅದು ಸುಮಾರಾಗಿ ಕರಗುವುದೇ ಇಲ್ಲ. ಅದನ್ನು ಕರಗಿಸಲಿಕ್ಕೆ ಅಂತಲೇ ಕ್ಯಾಲ್ಸಿಯಂ ರಿಯಾಕ್ಟರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಪಿಎಚ್ ಅನ್ನು 6.5ರ ಹತ್ತಿರಕ್ಕೆ ಇಳಿಸುತ್ತಾರೆ. ನಿಮ್ಮ ತೊಟ್ಟಿಯ ನೀರಿನ ಪಿಎಚ್ ಅಷ್ಟು ಇಳಿಯುವ ಹೊತ್ತಿಗೆ ಹವಳ ಉಳಿದಿರುವುದಿಲ್ಲ. ಆಲ್ಕಲಿನಿಟಿ, ಅಂದರೆ ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ, ಅದನ್ನು ಟೆಸ್ಟ್ ಮಾಡುತ್ತಲೇ ಇರಿ. ಆದರೂ ನಾನು ಅರಗೊನೈಟನ್ನೇ ಹೇಳುತ್ತೇನೆ. ಕಾಳಿನ ಗಾತ್ರ ನೋಡಿ ಕೊಳ್ಳಲು ಸಿಗುತ್ತದೆ, ಹವಳದ ದಿಬ್ಬದ ಮೀನುಗಳು ಹುಟ್ಟಿ ಬೆಳೆದದ್ದೂ ಅಂಥದೇ ಮರಳಿನ ಮೇಲೆ. ಗಿಳಿಮೀನು ಹವಳದ ಕಲ್ಲು ಕೆರೆದು ತಿಂದು, ಪುಡಿ ಮಾಡಿ ಹೊರಗೆ ಹಾಕಿದ್ದು ಕೂಡ ಅದರಲ್ಲಿ ಸೇರಿರುತ್ತದೆ.

ಸಿಲಿಕಾ ಮರಳು ವಿಷ ಏನಲ್ಲ. ಚೂಪು ಅಂಚಿಲ್ಲದ, ಶುದ್ಧ ಮರಳಾದರೆ ನಡೆಯುತ್ತದೆ. ಸಿಲಿಕಾ ಹಾಕಿದ್ದಕ್ಕೇ ಕಂದು ಪುಡಿ ಬಂತು ಅನ್ನುವವರಿದ್ದಾರೆ. ಹೊಸ ತೊಟ್ಟಿಯಲ್ಲಿ ಏಳುವ ಆ ಕಂದು ಪುಡಿ ಡಯಾಟಮ್, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅರಗೊನೈಟಿನ ಮೇಲೂ ಅದು ಬರುತ್ತದೆ, ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ. ಚೀಲದಲ್ಲಿ ಇರುವುದು ಏನು ಅಂತ ಅನುಮಾನ ಬಂದರೆ ಒಂದು ಚಮಚ ಮರಳಿಗೆ ವಿನೆಗರ್ ಹನಿಸಿ. ನೊರೆ ಬಂದರೆ ಕಾರ್ಬೊನೇಟ್. ಕಪ್ಪು ಮರಳಾದರೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದನ್ನು ತರಬೇಡಿ. ಪಂಪಿನೊಳಗಿನ ಅಯಸ್ಕಾಂತಕ್ಕೆ ಹತ್ತಿ ತೊಂದರೆ ಕೊಡುತ್ತದೆ, ಗಾಜು ಉಜ್ಜುವ ಮ್ಯಾಗ್ನೆಟ್ಟಿಗೆ ಸಿಕ್ಕಿ ಗೀರು ಹಾಕುತ್ತದೆ.

ಎಷ್ಟು ತರಬೇಕು ಅನ್ನುವ ಲೆಕ್ಕ ಸುಲಭ. 100 ಸೆಂಟಿಮೀಟರ್ ಉದ್ದ, 50 ಅಗಲದ ತಳಕ್ಕೆ 4 ಸೆಂಟಿಮೀಟರ್ ದಪ್ಪ ಅಂದರೆ 20 ಲೀಟರ್ ಜಾಗ. ಲೀಟರಿಗೆ ಸುಮಾರು ಒಂದೂವರೆ ಕಿಲೋ ಹಿಡಿದರೆ 30 ಕಿಲೋ. ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಮರಳಿನ ಮೇಲೆ ನಿಲ್ಲಿಸಿದ ಕಲ್ಲಿನ ಅಡಿಯನ್ನು ಸೀಗಡಿ ಒಂದೇ ರಾತ್ರಿಯಲ್ಲಿ ತೋಡಬಲ್ಲದು.

ಈಗಾಗಲೇ ತಪ್ಪು ಮರಳು ಹಾಕಿಬಿಟ್ಟಿದ್ದರೆ ಗಾಬರಿ ಬೇಡ, ಅವಸರವೂ ಬೇಡ. ನೀರು ಬದಲಾಯಿಸುವಾಗ ಒಂದು ಕಾಲು ಭಾಗವನ್ನು ಪೈಪಿನಿಂದ ಎಳೆಯಿರಿ. ಎರಡು ವಾರ ಬಿಟ್ಟು, ಅಮೋನಿಯಾ ಟೆಸ್ಟ್ ಮಾಡಿ, ಇನ್ನೊಂದು ಭಾಗ. ಹಳೆಯ, ದಪ್ಪ ಪದರದಲ್ಲಿ ಕಪ್ಪು ಮಚ್ಚೆ ಕಂಡು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಗೊತ್ತಿರುವವರನ್ನು ಕರೆಯಿರಿ. ಅದು ಹೈಡ್ರೋಜನ್ ಸಲ್ಫೈಡ್. ಒಮ್ಮೆಲೇ ಕೆದಕಿದರೆ ಮೀನು ಸಾಯಬಹುದು.

ಆ ಗಂಡ ಹೆಂಡತಿ ಹೀಗೇ ಎರಡು ತಿಂಗಳು ಹಿಡಿದು ಮರಳು ಬದಲಾಯಿಸಿದರು. ಹವಳವನ್ನು ಒಂದು ಚಪ್ಪಟೆ ಕಲ್ಲಿನ ಮೇಲೆ ಎತ್ತಿ ಇಟ್ಟರು. ಹೋದ ಸಲ ನಾನು ಹೋದಾಗ, ಬೆಳ್ಳಗಾಗಿದ್ದ ಬದಿಯ ಮೇಲೆ ಹಸಿರು ಅಂಚು ಒಂದು ಬೆರಳಿನಷ್ಟು ಮುಂದಕ್ಕೆ ಹರಡಿತ್ತು.