ಸರಿಯುವ ಸೀಮೆ: ಸ್ವೀಡನ್ನಿನ ಗಡಿಗಳನ್ನು ನಕ್ಷೆಗಿಳಿಸುವ ಬಗೆ

ಕನ್ನಡದ ‘ಸೀಮೆ’ ಎಂಬ ಮಾತಿಗೆ ಎಲ್ಲೆ ಎಂಬ ಅರ್ಥವೂ ಇದೆ, ಆ ಎಲ್ಲೆಯೊಳಗಿನ ಪ್ರದೇಶ ಎಂಬ ಅರ್ಥವೂ ಇದೆ. ಸ್ವೀಡನ್ ದೇಶದ ಚಾರಿತ್ರಿಕ ನಕ್ಷೆಯನ್ನು ಸಿದ್ಧಪಡಿಸಲು ಹೊರಟವರಿಗೆ ಎದುರಾಗುವ ತೊಡಕುಗಳು ಹೆಚ್ಚಾಗಿ ಈ ಎರಡು ಅರ್ಥಗಳ ನಡುವೆಯೇ ಹುಟ್ಟುತ್ತವೆ. ಪ್ರದೇಶ ತನ್ನ ಹೆಸರನ್ನು ಹೊತ್ತು ಶತಮಾನಗಟ್ಟಲೆ ಉಳಿಯುತ್ತದೆ. ಎಲ್ಲೆ ಮಾತ್ರ ಒಪ್ಪಂದದಿಂದ ಒಪ್ಪಂದಕ್ಕೆ, ಕೆಲವೆಡೆ ನದಿಯ ಹರಿವಿನೊಂದಿಗೂ, ಸರಿಯುತ್ತಿರುತ್ತದೆ.

ಆ ದೇಶದಲ್ಲಿ ಸೀಮೆಗಳ ಎರಡು ಪದರಗಳಿವೆ. ‘ಲಾಂಡ್‌ಸ್ಕಾಪ್’ ಎಂದು ಕರೆಯುವ 25 ಹಳೆಯ ನಾಡುಗಳು ಒಂದು ಪದರ. ‘ಲೆನ್’ ಎಂಬ 21 ಜಿಲ್ಲೆಗಳು ಇನ್ನೊಂದು. 1634ರ ಆಡಳಿತ ಸುಧಾರಣೆಯು ಲೆನ್‌ಗಳ ವ್ಯವಸ್ಥೆಯನ್ನು ತಂದ ಮೇಲೆ ನಾಡುಗಳಿಗೆ ಆಡಳಿತದ ಕೆಲಸವೇ ಉಳಿಯಲಿಲ್ಲ. ಆದರೂ ಸಸ್ಯವಿಜ್ಞಾನಿಗಳು ಒಂದು ಗಿಡ ಎಲ್ಲಿ ಕಂಡಿತೆಂದು ದಾಖಲಿಸುವಾಗ ಇಂದಿಗೂ ನಾಡಿನ ಹೆಸರನ್ನೇ ಬರೆಯುತ್ತಾರೆ. ಇದಕ್ಕೆ ಸಂಪ್ರದಾಯದ ಮೋಹವಷ್ಟೇ ಕಾರಣವಲ್ಲ ಎಂದು ನನಗನ್ನಿಸುತ್ತದೆ. 1997ರಲ್ಲಿ ಎರಡು ಲೆನ್‌ಗಳು ಕೂಡಿ ಸ್ಕೋನೆ ಜಿಲ್ಲೆಯಾಯಿತು, 1998ರಲ್ಲಿ ಮೂರು ಲೆನ್‌ಗಳು ಸೇರಿ ವೆಸ್ಟ್ರಾ ಯೋತಾಲಾಂಡ್ ಆಯಿತು, 2007ರಲ್ಲಿ ಹೆಬಿ ಎಂಬ ಸ್ಥಳೀಯಾಡಳಿತ ಪ್ರದೇಶ ಒಂದು ಲೆನ್‌ನಿಂದ ಇನ್ನೊಂದಕ್ಕೆ ಹೋಯಿತು. ಇಷ್ಟಾದರೂ ನಾಡುಗಳ ಎಲ್ಲೆ ಕದಲಲಿಲ್ಲ. ನೂರು ವರ್ಷ ಹಿಂದಿನ ಸಸ್ಯದಾಖಲೆಯನ್ನು ಇಂದಿನದರೊಂದಿಗೆ ಹೋಲಿಸಬೇಕಾದವರಿಗೆ ಅಧಿಕಾರ ಕಳೆದುಕೊಂಡ ಗೆರೆಯೇ ಹೆಚ್ಚು ನಂಬಿಕೆಗೆ ಅರ್ಹವಾಗಿದೆ.

1628ರಲ್ಲಿ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್, ದೇಶವನ್ನು ಅಳೆಯುವ ಹೊಣೆಯನ್ನು ಆಂಡ್ರೆಯಾಸ್ ಬ್ಯೂರಿಯಸ್‌ಗೆ ವಹಿಸಿದನು. ಎರಡು ವರ್ಷ ಮೊದಲೇ ಬ್ಯೂರಿಯಸ್ ಉತ್ತರ ಯೂರೋಪಿನ ದೊಡ್ಡ ನಕ್ಷೆಯೊಂದನ್ನು ಪ್ರಕಟಿಸಿದ್ದನು. ಸ್ವೀಡನ್ನಿನ ಇಂದಿನ ಭೂಮಾಪನ ಇಲಾಖೆ ತನ್ನ ಹುಟ್ಟನ್ನು ಆ ಆದೇಶದಿಂದಲೇ ಲೆಕ್ಕಹಾಕುತ್ತದೆ. ಮುಂದಿನ ದಶಕಗಳಲ್ಲಿ ಮೋಜಣಿದಾರರು ಹಳ್ಳಿಹಳ್ಳಿಯ ಹೊಲ, ಹುಲ್ಲುಗಾವಲುಗಳನ್ನು ಅಳೆದು ಬರೆದರು. ಸಾವಿರಾರು ಸಂಖ್ಯೆಯಲ್ಲಿ ಉಳಿದಿರುವ ಈ ಗ್ರಾಮನಕ್ಷೆಗಳು ಚಾರಿತ್ರಿಕ ಗಡಿಯನ್ನು ಹುಡುಕುವವರಿಗೆ ದೊಡ್ಡ ಆಸರೆಯಾಗಿವೆ, ಏಕೆಂದರೆ ಆ ಕಾಲದ ಶಾಂತಿ ಒಪ್ಪಂದಗಳು ಸಾಮಾನ್ಯವಾಗಿ ಗೆರೆಯನ್ನು ವರ್ಣಿಸುವುದಿಲ್ಲ. ಅವು ನಾಡಿನ ಹೆಸರು ಹೇಳಿ ಸುಮ್ಮನಾಗುತ್ತವೆ. ಆ ನಾಡಿಗೆ ಯಾವ ಯಾವ ಹಳ್ಳಿಗಳು ಸೇರಿದ್ದವು ಎಂಬುದನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

1645ರ ಬ್ರೊಮ್ಸೆಬ್ರೂ ಒಪ್ಪಂದವನ್ನೇ ನೋಡಬಹುದು. ಅದರ ಪ್ರಕಾರ ಯೆಮ್ಟ್‌ಲಾಂಡ್, ಹೆರ್ಯೆದಾಲೆನ್ ನಾಡುಗಳೂ ಗಾಟ್‌ಲಂಡ್ ದ್ವೀಪವೂ ಡೆನ್ಮಾರ್ಕ್-ನಾರ್ವೆಯಿಂದ ಸ್ವೀಡನ್ನಿಗೆ ಬಂದವು. ಹಾಲಾಂಡ್ ಮಾತ್ರ 30 ವರ್ಷಗಳ ಮಟ್ಟಿಗೆ ಒತ್ತೆಯಾಗಿ ಬಂದಿತು. ಒತ್ತೆಯ ನಾಡಿಗೆ ನಕ್ಷೆಯಲ್ಲಿ ಯಾವ ಬಣ್ಣ ತುಂಬಬೇಕು? 1658ರ ರೋಸ್ಕಿಲ್ಡೆ ಒಪ್ಪಂದದಲ್ಲಿ ಸ್ಕೋನೆ, ಬ್ಲೇಕಿಂಗೆ, ಬೂಹುಸ್‌ಲೆನ್‌ಗಳ ಜತೆಗೆ ಹಾಲಾಂಡ್ ಶಾಶ್ವತವಾಗಿ ಸ್ವೀಡನ್ನಿನದಾಯಿತು. ಅದೇ ಒಪ್ಪಂದದಲ್ಲಿ ಬಂದ ಟ್ರೋಂಡ್‌ಹೈಮ್ ಪ್ರದೇಶ ಮತ್ತು ಬಾರ್ನ್‌ಹೋಮ್ ದ್ವೀಪ 1660ರಲ್ಲೇ ಹಿಂತಿರುಗಿದವು. ಶತಮಾನಕ್ಕೊಂದು ನಕ್ಷೆ ಬರೆಯುವವರ ಕಣ್ಣಿಗೆ ಈ ಎರಡು ವರ್ಷಗಳು ಬೀಳುವುದೇ ಇಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಒಡ್ಡುವುದು ಇದ್ರೆ ಮತ್ತು ಸೆರ್ನಾ ಎಂಬ ಎರಡು ಮಲೆನಾಡಿನ ನೆಲೆಗಳು. ನಾರ್ವೆಗೆ ಸೇರಿದ್ದ ಅವನ್ನು 1644ರಲ್ಲಿ, ಪಾದ್ರಿಯೊಬ್ಬನ ಮುಂದಾಳತ್ವದಲ್ಲಿ ಬಂದ ಸ್ವೀಡಿಷ್ ಜನರ ತಂಡ ವಶಪಡಿಸಿಕೊಂಡಿತು. ಮರುವರ್ಷದ ಒಪ್ಪಂದದಲ್ಲಿ ಅವುಗಳ ಪ್ರಸ್ತಾಪವೇ ಇಲ್ಲ. ವಾಸ್ತವದಲ್ಲಿ ಸ್ವೀಡನ್ನಿನ ಕೈಯಲ್ಲಿದ್ದ ಆ ನೆಲ ಕಾನೂನಿನ ಪ್ರಕಾರ ಅದರದಾದದ್ದು 1751ರ ಸ್ಟ್ರೋಮ್‌ಸ್ಟಾಡ್ ಗಡಿ ಒಪ್ಪಂದದಿಂದ. ನೂರಕ್ಕೂ ಹೆಚ್ಚು ವರ್ಷಗಳ ಈ ಅಂತರವನ್ನು ಒಂದೇ ಗೆರೆ ತೋರಿಸಲಾರದು. ಆದ್ದರಿಂದ ಕಂಪ್ಯೂಟರಿನಲ್ಲಿ ಇಂಥ ನಕ್ಷೆ ಕಟ್ಟುವಾಗ ಗಡಿರೇಖೆಯಿಂದ ಆರಂಭಿಸುವುದು ಸರಿಯಾದ ದಾರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಸೊಕೆನ್’ ಎಂಬ ಹಳೆಯ ಚರ್ಚು-ವ್ಯಾಪ್ತಿಯ ಗ್ರಾಮಘಟಕವನ್ನು ಇಟ್ಟಿಗೆಯಂತೆ ಇಟ್ಟುಕೊಂಡು, ಪ್ರತಿಯೊಂದಕ್ಕೂ ಅದು ಯಾವ ದಿನದಿಂದ ಯಾವ ದಿನದವರೆಗೆ ಯಾರ ಸ್ವಾಧೀನದಲ್ಲಿತ್ತು, ಯಾರ ಹಕ್ಕಿನಲ್ಲಿತ್ತು ಎಂದು ಬೇರೆ ಬೇರೆಯಾಗಿ ನಮೂದಿಸಬೇಕು. ಆಗ ಕೇಳಿದ ವರ್ಷದ ಗಡಿ ತಾನಾಗಿಯೇ ಮೂಡುತ್ತದೆ.

ಉತ್ತರದ ಬೆಟ್ಟಗಳಲ್ಲಿ ಈ ಇಟ್ಟಿಗೆಗಳೂ ಸಿಗುವುದಿಲ್ಲ. ಅಲ್ಲಿ ಸಾಮಿ ಜನರು ಹಿಮಸಾರಂಗದ ಹಿಂಡುಗಳೊಂದಿಗೆ ಋತುವಿಗೆ ತಕ್ಕಂತೆ ವಲಸೆ ಹೋಗುತ್ತಿದ್ದರು. 1751ರ ಒಪ್ಪಂದ ಗಡಿಯನ್ನು ಸ್ಪಷ್ಟವಾಗಿ ಗುರುತಿಸುವುದರ ಜತೆಗೆ, ಅವರು ಹಿಂಡಿನೊಂದಿಗೆ ಅದನ್ನು ದಾಟುವ ಹಕ್ಕನ್ನು ಒಂದು ಅನುಬಂಧದಲ್ಲಿ ಬರೆದುಕೊಟ್ಟಿತು. ಅದಕ್ಕೆ ಮೊದಲಿನ ಕಾಲವನ್ನು ತೋರಿಸುವಾಗ ಆ ಭಾಗದಲ್ಲಿ ಗೆರೆಯ ಬದಲು ಮಸುಕಾದ ಪಟ್ಟಿಯೊಂದನ್ನು ಬಳಿಯುವುದೇ ಪ್ರಾಮಾಣಿಕವಾದ ಕ್ರಮ.

ಇನ್ನು ನೆಲವೇ ಚಲಿಸುವ ಕಥೆ. ಹಿಮಯುಗದ ದಪ್ಪ ಹಿಮದ ಹೊರೆ ಕರಗಿದ ಮೇಲೆ, ಅದರಡಿ ಕುಸಿದಿದ್ದ ಭೂಪದರ ಮೇಲೇಳುತ್ತಲೇ ಇದೆ. ಸ್ವೀಡನ್ ಮತ್ತು ಫಿನ್ಲೆಂಡ್ ನಡುವಿನ ಬಾತ್ನಿಯಾ ಕೊಲ್ಲಿಯ ಉತ್ತರದ ತೀರದಲ್ಲಿ ಸಮುದ್ರಮಟ್ಟಕ್ಕೆ ಹೋಲಿಸಿದರೆ ಈ ಏರಿಕೆ ವರ್ಷಕ್ಕೆ ಸುಮಾರು 8 ಮಿಲಿಮೀಟರ್. ಬ್ಯೂರಿಯಸ್‌ನ ಕಾಲದಿಂದ ಈಚೆಗೆ ಹತ್ತಿರಹತ್ತಿರ 3 ಮೀಟರ್. ಲೂಲಿಯೋ ಪಟ್ಟಣದ ಬಂದರಿನಲ್ಲಿ ನೀರು ಕಡಿಮೆಯಾದ ಕಾರಣ ಆ ಪಟ್ಟಣವನ್ನೇ 1649ರಲ್ಲಿ ಬೇರೆಡೆಗೆ ಸ್ಥಳಾಂತರಿಸಬೇಕಾಯಿತು. ಹದಿನೇಳನೆಯ ಶತಮಾನದ ಸೀಮೆಗಳನ್ನು ಇಂದಿನ ಕರಾವಳಿಯ ಮೇಲೆ ಬಿಡಿಸಿದರೆ, ಅಂದು ನೀರಿನಡಿ ಇದ್ದ ನೆಲಕ್ಕೂ ಬಣ್ಣ ಬಳಿದಂತಾಗುತ್ತದೆ.

ಅದುವರೆಗೆ ಸ್ವೀಡನ್ನಿಗೆ ಸೇರಿದ್ದ ಫಿನ್ಲೆಂಡ್ 1809ರಲ್ಲಿ ರಷ್ಯಾದ ಪಾಲಾದಾಗ ಟೋರ್ನೆ ಮತ್ತು ಮುವೊನಿಯೊ ನದಿಗಳ ಆಳದ ಹರಿವು ಗಡಿಯಾಯಿತು. ಅದೇ ಗಡಿ ಸಮುದ್ರದಲ್ಲಿ ಮುಂದುವರಿದು ಮೆರ್ಕೆಟ್ ಎಂಬ ಪುಟ್ಟ ಬಂಡೆದ್ವೀಪವನ್ನು ಸೀಳಿತು. 1885ರಲ್ಲಿ ಫಿನ್ಲೆಂಡಿನ ಕಡೆಯವರು ಅಲ್ಲಿ ದೀಪಸ್ತಂಭ ಕಟ್ಟಿದರು, ಆದರೆ ಸ್ವೀಡನ್ನಿನ ಅರ್ಧದಲ್ಲಿ. ಸರಿಯಾಗಿ ನೂರು ವರ್ಷಗಳ ನಂತರ, 1985ರಲ್ಲಿ, ಎರಡೂ ದೇಶಗಳು ಅಷ್ಟಕ್ಕಷ್ಟೇ ನೆಲವನ್ನು ಅದಲುಬದಲು ಮಾಡಿಕೊಂಡು, ದ್ವೀಪದ ದಡದಲ್ಲಿ ಗಡಿ ಮುಟ್ಟುವ ಜಾಗವನ್ನು ಕದಲಿಸದೆ, ಗೆರೆಯನ್ನು ದೀಪಸ್ತಂಭದ ಸುತ್ತ ಬಳಸಿ ಎಳೆದವು. ಟೋರ್ನೆ ನದಿಯ ಕಥೆ ಇಷ್ಟಕ್ಕೆ ಮುಗಿಯುವುದಿಲ್ಲ. ಅದರ ಆಳದ ಹರಿವು ಮರಳಿನೊಂದಿಗೆ ಜರುಗುವುದರಿಂದ, ಎರಡೂ ದೇಶಗಳ ಮೋಜಣಿದಾರರು 25 ವರ್ಷಗಳಿಗೊಮ್ಮೆ ಕೂಡಿ ಅದನ್ನು ಹೊಸದಾಗಿ ಅಳೆದು ಗಡಿಯನ್ನು ಮತ್ತೆ ಬರೆಯುತ್ತಾರೆ.